ಹಿಮವನ್ನೇ ನೋಡದವರು ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ವಯಂಸೇವಕರಾಗಬಹುದೇ?

ಪ್ರಶ್ನೆ: ನಾನು ಹೊಳಲ್ಕೆರೆಯವಳು, ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ವಯಂಸೇವಕಿಯಾಗಿ ದುಡಿಯುವ ಆಸೆ ಇದೆ. ಹಿಮ ಬೀಳುವುದನ್ನು ಕಣ್ಣಾರೆ ನೋಡಿಲ್ಲ, ಸ್ಕೀಯಿಂಗ್ ಬರುವುದಿಲ್ಲ. ನನ್ನಂಥವರನ್ನು ತೆಗೆದುಕೊಳ್ಳುತ್ತಾರೆಯೇ? ಪರಿಚಯದ ಏಜೆಂಟರೊಬ್ಬರು ಅರವತ್ತು ಸಾವಿರ ರೂಪಾಯಿ ಕಟ್ಟಿದರೆ ಆಯ್ಕೆ ಖಚಿತ, ಪ್ರಯಾಣ, ಊಟ, ವಸತಿ ಎಲ್ಲ ಅವರದೇ ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ಕೊನೆಯದಕ್ಕೇ ಮೊದಲು ಉತ್ತರಿಸುತ್ತೇನೆ. ನಂಬಬೇಡಿ, ಒಂದು ರೂಪಾಯಿಯನ್ನೂ ಕೊಡಬೇಡಿ. ಒಲಿಂಪಿಕ್ಸ್ ಸ್ವಯಂಸೇವಕರ ಅರ್ಜಿಗೆ ಶುಲ್ಕವೇ ಇಲ್ಲ. ಆಯಾ ಕ್ರೀಡಾಕೂಟದ ಸಂಘಟನಾ ಸಮಿತಿ ತನ್ನದೇ ಜಾಲತಾಣದಲ್ಲಿ ಅರ್ಜಿ ಕರೆಯುತ್ತದೆ. ಆಸಕ್ತರು ತಮ್ಮ ಹೆಸರಿನಲ್ಲಿ ತಾವೇ ತುಂಬುತ್ತಾರೆ. ನಡುವೆ ಏಜೆಂಟರಿಗೆ ಜಾಗವಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬೇಕಿದ್ದ ಸ್ವಯಂಸೇವಕರು 45,000, ಬಂದ ಅರ್ಜಿಗಳು ಮೂರು ಲಕ್ಷಕ್ಕೂ ಹೆಚ್ಚು. ಅಂಥ ನೂಕುನುಗ್ಗಲಿನಲ್ಲಿ ‘ಆಯ್ಕೆ ಖಚಿತ’ ಎಂದು ಯಾರೂ ಹೇಳಲಾರರು. ಇನ್ನು ‘ಖರ್ಚೆಲ್ಲ ಅವರದೇ’ ಎಂಬ ಮಾತು. ಏಜೆಂಟರಿಗೆ ಈ ವಿಷಯದ ಗಂಧಗಾಳಿ ಇಲ್ಲ ಎನ್ನಲು ಅದೊಂದೇ ಸಾಕು. ಅಥವಾ ಚೆನ್ನಾಗಿಯೇ ಇದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಖಂಡಿತ ಅರ್ಜಿ ಹಾಕಬಹುದು. 2026ರ ಫೆಬ್ರುವರಿ 6ರಿಂದ 22ರವರೆಗೆ ಇಟಲಿಯ ಮಿಲಾನೊ–ಕೊರ್ಟಿನಾದಲ್ಲಿ ನಡೆದ ಕೂಟಕ್ಕೆ 18,000 ಸ್ವಯಂಸೇವಕರು ಬೇಕೆಂದು ಕರೆ ಹೊರಟಿತ್ತು. ಹದಿನೆಂಟು ತುಂಬಿರಬೇಕು, ಇಟಾಲಿಯನ್ ಅಥವಾ ಇಂಗ್ಲಿಷ್ ಬರಬೇಕು. ಮುಖ್ಯವಾಗಿ ಕೇಳಿದ್ದು ಇಷ್ಟೇ. ಇಟಲಿಯ ಪ್ರಜೆಯಾಗಿರಬೇಕು ಎಂದಿರಲಿಲ್ಲ. ಸ್ಕೀಯಿಂಗ್ ಬೇಕಾಗುವುದು ಕೆಲವೇ ಕೆಲಸಗಳಿಗೆ.

ಆ ಕೆಲವು ಕೆಲಸಗಳು ಯಾವುವು ಎಂದು ತಿಳಿದರೆ ಉಳಿದವು ತಾನಾಗಿಯೇ ಅರ್ಥವಾಗುತ್ತವೆ. ಪರ್ವತದ ಇಳಿಜಾರಿನಲ್ಲಿ ಸ್ಪರ್ಧಿಗಳು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಜಾರಿ ಬರುತ್ತಾರೆ. ಒಬ್ಬರ ಹಿಂದೊಬ್ಬರು ಇಳಿದಂತೆ ಹಾದಿಯಲ್ಲಿ ಗೀರುಗಳು ಬಿದ್ದು ಆಳವಾಗುತ್ತವೆ. ಹಾಗೆಯೇ ಬಿಟ್ಟರೆ ಮೂವತ್ತನೆಯವನಿಗೆ ಸಿಗುವ ಹಾದಿ ಮೊದಲನೆಯವನಿಗೆ ಸಿಕ್ಕದ್ದಲ್ಲ. ಅದಕ್ಕಾಗಿ ಸ್ಕೀ ಕಟ್ಟಿಕೊಂಡು ಅಡ್ಡಡ್ಡವಾಗಿ ಜಾರುತ್ತ ಸಡಿಲ ಹಿಮವನ್ನು ಬದಿಗೆ ತಳ್ಳಿ ಹಾದಿಯನ್ನು ಸಮ ಮಾಡುವ ತಂಡವೊಂದು ಇರುತ್ತದೆ. ಸ್ಪರ್ಧಿ ಹಾದುಹೋಗಬೇಕಾದ ಜಾಗವನ್ನು ಗುರುತಿಸುವ ‘ಗೇಟು’ಗಳ ಕಂಬ ಮುರಿದರೆ ಮುಂದಿನ ಸ್ಪರ್ಧಿ ಬರುವುದರೊಳಗೆ ಬದಲಾಯಿಸುವವರೂ ಅವರ ಜೊತೆಗೇ ಇರುತ್ತಾರೆ. ರಾತ್ರಿ ಹೊಸ ಹಿಮ ಬಿದ್ದರೆ ಬೆಳಕು ಹರಿಯುವ ಮೊದಲೇ ಸಲಿಕೆ ಹಿಡಿದು ಹೊರಡಬೇಕು. ಹಾದಿ ಗಟ್ಟಿಯಾಗಲೆಂದು ನೀರು ಹಾಯಿಸಿ ಹೆಪ್ಪುಗಟ್ಟಿಸುವುದೂ ಉಂಟು, ಬಿಸಿಲೇರಿದ ದಿನ ಉಪ್ಪು ಎರಚುವುದೂ ಉಂಟು. ಹುಟ್ಟಿದಂದಿನಿಂದ ಆ ಬೆಟ್ಟಗಳಲ್ಲೇ ಜಾರಿ ಬೆಳೆದ ಸ್ಥಳೀಯ ಸ್ಕೀ ಕ್ಲಬ್ಬುಗಳ ಮಂದಿಗೆ ಒಪ್ಪುವ ಕೆಲಸ ಇದು. ನಮ್ಮ ಕಡೆಯವರು ಅತ್ತ ಹೋಗದಿರುವುದೇ ಎಲ್ಲರಿಗೂ ಕ್ಷೇಮ.

ಉಳಿದವರೆಲ್ಲ ನೆಲದ ಮೇಲೆ ನಿಂತು ದುಡಿಯುವವರು. ಗುರುತಿನ ಚೀಟಿ ಪರಿಶೀಲಿಸುವುದು, ಪ್ರೇಕ್ಷಕರಿಗೆ ದಾರಿ ತೋರಿಸುವುದು, ಬಸ್‌ಗಳ ಸರದಿ ನೋಡಿಕೊಳ್ಳುವುದು, ಪತ್ರಕರ್ತರಿಗೆ ಫಲಿತಾಂಶ ಒದಗಿಸುವುದು, ಒಂದು ದೇಶದ ತಂಡಕ್ಕೆ ಸಹಾಯಕರಾಗಿರುವುದು, ದುಭಾಷಿ ಕೆಲಸ, ಉದ್ದೀಪನ ಮದ್ದಿನ ಪರೀಕ್ಷೆಗೆ ಕರೆ ಬಂದ ಸ್ಪರ್ಧಿಯನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಪರೀಕ್ಷಾ ಕೊಠಡಿಯವರೆಗೆ ಕರೆದೊಯ್ಯುವುದು. ಈ ಕೊನೆಯ ಕೆಲಸ ಕೇಳಲು ತಮಾಷೆ, ಆದರೆ ಅತಿ ಜವಾಬ್ದಾರಿಯದು: ಪದಕ ಗೆದ್ದು ಕುಣಿಯುತ್ತಿರುವವರ ಹಿಂದೆ ಕ್ಷಣವೂ ಬಿಡದೆ ನೆರಳಿನಂತೆ ಇರಬೇಕು. ಅಲ್ಲದೆ ಚಳಿಗಾಲದ ಕೂಟವೆಂದರೆ ಎಲ್ಲವೂ ಬೆಟ್ಟದ ಮೇಲೆಯೇ ನಡೆಯುವುದಿಲ್ಲ. ಐಸ್ ಹಾಕಿ, ಫಿಗರ್ ಸ್ಕೇಟಿಂಗ್, ಸ್ಪೀಡ್ ಸ್ಕೇಟಿಂಗ್ ಮಿಲಾನ್ ನಗರದ ಒಳಾಂಗಣಗಳಲ್ಲಿ ನಡೆದವು. ಸ್ಕೀಯಿಂಗ್ ಜೊತೆಗೆ ಗುರಿ ಹೊಡೆಯುವ ಬಯಾಥ್ಲಾನ್ ಅಂತೆರ್ಸೆಲ್ವಾದಲ್ಲಿ, ಪುರುಷರ ಇಳಿಜಾರು ಸ್ಪರ್ಧೆಗಳು ಬೋರ್ಮಿಯೊದಲ್ಲಿ. ನಿಮ್ಮ ಪಾಳಿ ಎಲ್ಲಿ ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಆಟ ನೋಡಲು ಸಿಗುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದು ಇರುತ್ತದೆ. ಬಹುಪಾಲು ಸಿಗುವುದಿಲ್ಲ. ಪ್ರೇಕ್ಷಕರ ವಿಭಾಗದಲ್ಲಿ ನಿಂತವರು ಜನರ ಕಡೆ ಮುಖ ಮಾಡಿರಬೇಕು, ಸ್ಪರ್ಧೆ ಬೆನ್ನ ಹಿಂದೆ. ವಾಹನ ನಿಲುಗಡೆಯಲ್ಲಿ ಹಾಕಿದರೆ ಹದಿನೈದು ದಿನವೂ ಬಸ್ಸುಗಳೇ ಗತಿ. ಸ್ಪರ್ಧಿಗಳ ಜೊತೆ ಸೆಲ್ಫಿ, ಹಸ್ತಾಕ್ಷರ ಕೇಳಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಆಟ ನೋಡುವುದೇ ಮುಖ್ಯ ಎನ್ನುವವರು ಟಿಕೆಟ್ ಕೊಂಡು ಪ್ರವಾಸಿಗರಾಗಿ ಹೋಗುವುದು ಒಳ್ಳೆಯದು. ಖರ್ಚಿನಲ್ಲಿ ಅಂಥ ದೊಡ್ಡ ವ್ಯತ್ಯಾಸವೂ ಆಗದು.

ಖರ್ಚಿನ ವಿಷಯವನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. ಸಮಿತಿ ಸಾಮಾನ್ಯವಾಗಿ ಕೊಡುವುದು ಸಮವಸ್ತ್ರ, ಪಾಳಿಯ ಹೊತ್ತಿನ ಊಟ, ತರಬೇತಿ, ಆ ಊರಿನೊಳಗಿನ ಓಡಾಟದ ವ್ಯವಸ್ಥೆ, ಕೊನೆಗೊಂದು ಪ್ರಮಾಣಪತ್ರ. ಸಂಬಳವಿಲ್ಲ. ವಿಮಾನದ ಟಿಕೆಟ್ ನಿಮ್ಮದು. ವಸತಿಯ ನಿಯಮ ಕೂಟದಿಂದ ಕೂಟಕ್ಕೆ ಬದಲಾಗುತ್ತದೆ: 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಸ್ವಯಂಸೇವಕರಿಗೆ ವಸತಿ ಕೊಟ್ಟಿದ್ದರು, ಎಷ್ಟೋ ಕೂಟಗಳಲ್ಲಿ ಅದನ್ನೂ ನೀವೇ ಹುಡುಕಿಕೊಳ್ಳಬೇಕು. ಫೆಬ್ರುವರಿಯಲ್ಲಿ ಆಲ್ಪ್ಸ್ ಪರ್ವತದ ಊರುಗಳಲ್ಲಿ ಮೊದಲೇ ಪ್ರವಾಸಿಗರ ಕಾಲ, ಅದರ ಮೇಲೆ ಒಲಿಂಪಿಕ್ಸ್ ಬಂದರೆ ಕೋಣೆಯ ಬಾಡಿಗೆ ಎಲ್ಲಿಗೆ ಏರುತ್ತದೆ ಎಂದು ಊಹಿಸಿಕೊಳ್ಳಿ. ಯುರೋಪಿನಲ್ಲಿ ನಡೆದರೆ, ಅಲ್ಲಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ 90 ಯೂರೊ ಶುಲ್ಕ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ. ಎಷ್ಟು ಬಿಗಿ ಹಿಡಿದರೂ ಒಟ್ಟು ಖರ್ಚು ಲಕ್ಷವನ್ನು ಆರಾಮವಾಗಿ ದಾಟುತ್ತದೆ. ಬ್ಯಾಂಕ್ ಖಾತೆಯಲ್ಲಿ ಅಷ್ಟು ಹಣ ಇದೆ ಎಂದು ವೀಸಾ ಅಧಿಕಾರಿಗೆ ತೋರಿಸಲೂಬೇಕು. ಸಮಿತಿಯ ಆಯ್ಕೆ ಪತ್ರವೇ ವೀಸಾ ಎಂದು ತಿಳಿಯಬೇಡಿ. ಅರ್ಜಿಯ ಜೊತೆ ಲಗತ್ತಿಸುವ ದಾಖಲೆಗಳಲ್ಲಿ ಅದೂ ಒಂದು, ಅಷ್ಟೇ. ಸ್ವಯಂಸೇವೆಗೆ ಹೋಗುತ್ತಿರುವುದನ್ನು ಮುಚ್ಚಿಟ್ಟು ಪ್ರವಾಸ ಎಂದು ಬರೆಯುವ ಜಾಣತನವೂ ಬೇಡ.

ಟಿ.ವಿ. ಹಕ್ಕುಗಳನ್ನು ಸಾವಿರಾರು ಕೋಟಿಗೆ ಮಾರುವ ಸಂಸ್ಥೆ ಕೆಲಸದವರಿಗೆ ಸಂಬಳ ಏಕೆ ಕೊಡುವುದಿಲ್ಲ ಎಂದು ನಿಮಗೆ ಅನ್ನಿಸಿದ್ದರೆ, ನನಗೂ ಅನ್ನಿಸಿದೆ. ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ‘ಮಾಡಿದಷ್ಟು ನೀಡು ಭಿಕ್ಷೆ’ ಎಂದವರು. ಕೆರೆ ಕಟ್ಟಲು ಬಂದವರಿಗೆ ದುಡಿದಷ್ಟು ಕೂಲಿ ಕೈಸೇರುವಂತೆ ಮಾಡಿದರೆಂಬ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಈ ಪದ್ಧತಿ ಬೆಳೆದದ್ದಕ್ಕೆ ಕಾರಣ ಇಲ್ಲದೆಯೂ ಇಲ್ಲ. 1980ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ಸೇರಿಸಿಕೊಂಡಾಗ, ಆ ಊರಿನ ಜನಸಂಖ್ಯೆಯೇ ಮೂರು ಸಾವಿರ ಮುಟ್ಟಿರಲಿಲ್ಲ. ಎರಡು ವಾರ ಬಂದು ಹೋಗುವ ಕೆಲಸಕ್ಕೆ ಬೆಟ್ಟದ ಊರುಗಳಲ್ಲಿ ಆಳು ಹುಟ್ಟುವುದಿಲ್ಲ. ಆದರೂ ಮನೆಯಲ್ಲಿ ಸಾಲ ಮಾಡಿ ಇಂಥದ್ದಕ್ಕೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಯಾವಾಗ ಎಂಬ ಮಾತು. ಮುಂದಿನ ಚಳಿಗಾಲದ ಒಲಿಂಪಿಕ್ಸ್ 2030ರ ಫೆಬ್ರುವರಿ 1ರಿಂದ 17ರವರೆಗೆ ಫ್ರಾನ್ಸಿನ ಆಲ್ಪ್ಸ್ ಪ್ರದೇಶದಲ್ಲಿ. ಅದರ ನಂತರದ್ದು 2034ರಲ್ಲಿ ಅಮೆರಿಕದ ಯೂಟಾದಲ್ಲಿ. ಮಿಲಾನೊ–ಕೊರ್ಟಿನಾ ಅರ್ಜಿ 2024ರ ಸೆಪ್ಟೆಂಬರ್‌ನಲ್ಲಿ, ಅಂದರೆ ಸುಮಾರು ಒಂದೂವರೆ ವರ್ಷ ಮೊದಲೇ ಶುರುವಾಗಿತ್ತು. ಪ್ಯಾರಿಸ್‌ನದು 2023ರ ಮಾರ್ಚ್‌ನಲ್ಲಿ. ಅದೇ ಲೆಕ್ಕ ಹಿಡಿದರೆ 2028ರ ಮಧ್ಯದಿಂದ ಫ್ರಾನ್ಸಿನ ಸಮಿತಿಯ ಜಾಲತಾಣದ ಮೇಲೆ ಕಣ್ಣಿಡಬೇಕು. ಅಷ್ಟರಲ್ಲಿ ನಿಮ್ಮ ಪದವಿ ಮುಗಿದಿರುತ್ತದೆ, ಕೆಲಸ ಸಿಕ್ಕಿದ್ದರೆ ರಜೆಯ ಪ್ರಶ್ನೆ ಏಳುತ್ತದೆ. ಪ್ಯಾರಿಸ್‌ನಲ್ಲಿ ಫ್ರೆಂಚ್ ಅಥವಾ ಇಂಗ್ಲಿಷ್ ಯಾವುದಾದರೂ ಸಾಕಿತ್ತು. ಆದರೆ ಬೆಟ್ಟದ ಊರಿನ ಬಸ್ ಚಾಲಕನ ಜೊತೆ ಮಾತಾಡಬೇಕಾದವರಿಗೆ ಎರಡೂ ಬಂದರೆ ಅನುಕೂಲ, ಆಯ್ಕೆಯಲ್ಲೂ ತೂಕ ಹೆಚ್ಚು. ಆ ಅರವತ್ತು ಸಾವಿರದಲ್ಲಿ ಒಂದು ಭಾಗವನ್ನು ಫ್ರೆಂಚ್ ಕಲಿಯಲು ಹಾಕಿದರೆ ಒಲಿಂಪಿಕ್ಸ್ ತಪ್ಪಿದರೂ ಭಾಷೆ ಕೈಯಲ್ಲಿ ಉಳಿಯುತ್ತದೆ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಈ ಕಲಿಕೆಗೆ ಹಳೆಯ ಹೆಸರು.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ 2020ರಿಂದ ಲಡಾಖ್‌ನ ಲೇಹ್ ಮತ್ತು ಕಾಶ್ಮೀರದ ಗುಲ್ಮಾರ್ಗ್‌ಗಳಲ್ಲಿ ನಡೆಯುತ್ತ ಬಂದಿದೆ. ಲೇಹ್‌ನಲ್ಲಿ ಐಸ್ ಹಾಕಿ, ಸ್ಕೇಟಿಂಗ್. ಗುಲ್ಮಾರ್ಗ್‌ನಲ್ಲಿ ಹಿಮದ ಇಳಿಜಾರಿನ ಆಟಗಳು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಸ್ಪರ್ಧಿ ಆರಿಫ್ ಖಾನ್ ಗುಲ್ಮಾರ್ಗ್‌ನ ಇಳಿಜಾರುಗಳಲ್ಲೇ ಕಲಿತವರು. ಈ ಕೂಟಗಳಲ್ಲಿ ಸ್ಥಳೀಯರಿಗೇ ಆದ್ಯತೆ ಇರುವುದು ಸಹಜ. ಆದರೆ ಕೇಂದ್ರ ಸರ್ಕಾರದ ‘ಮೈ ಭಾರತ್’ ಪೋರ್ಟಲ್‌ನಲ್ಲಿ 15ರಿಂದ 29 ವರ್ಷದವರು ನೋಂದಾಯಿಸಿಕೊಂಡರೆ ದೇಶದಲ್ಲಿ ಎಲ್ಲೆಲ್ಲಿ ಸ್ವಯಂಸೇವಕರನ್ನು ಕರೆಯುತ್ತಾರೆ ಎಂಬ ಮಾಹಿತಿ ಸಿಗುತ್ತದೆ. ಡೆಹ್ರಾಡೂನ್‌ನ ಹಿಮಾದ್ರಿ ಐಸ್ ರಿಂಕ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಸ್ಪರ್ಧೆಯೂ ನಡೆದಿದೆ. ವೀಸಾ ಬೇಡದ ಇಂಥ ಅವಕಾಶಗಳು ಹೆಚ್ಚಬಹುದು. ಹಿಮದ ಹಟ ಸ್ವಲ್ಪ ಸಡಿಲಿಸಿದರೆ 2030ರಲ್ಲೇ ಅಹಮದಾಬಾದ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಇದೆ, ರೈಲಿನಲ್ಲೇ ಹೋಗಿ ಬರಬಹುದು. ನನ್ನನ್ನು ಕೇಳಿದರೆ ಮೊದಲು ಅದಕ್ಕೆ ಅರ್ಜಿ ಹಾಕಿ ಎನ್ನುತ್ತೇನೆ.

ಅರ್ಜಿಯಲ್ಲಿ ‘ಹಿಂದಿನ ಅನುಭವ’ ಎಂಬ ಜಾಗವನ್ನು ನಮ್ಮವರು ಖಾಲಿ ಬಿಡುತ್ತಾರೆ. ದುಗ್ಗಮ್ಮನ ಜಾತ್ರೆಯಲ್ಲಿ ಸಾಲು ನಿಲ್ಲಿಸಿದ್ದು, ನಾಯಕನಹಟ್ಟಿ ತೇರಿನ ದಿನ ಕಾಲೇಜಿನ ಎನ್‌ಎಸ್‌ಎಸ್ ತಂಡದೊಂದಿಗೆ ನೀರು ಹಂಚಿದ್ದು, ಕಳೆದುಹೋದ ಮಗುವನ್ನು ಹುಡುಕಿ ತಂದೆತಾಯಿಗೆ ಒಪ್ಪಿಸಿದ್ದು, ಜಿಲ್ಲಾ ಮಟ್ಟದ ಕೊಕ್ಕೊ ಪಂದ್ಯದಲ್ಲಿ ಅಂಕ ಬರೆದದ್ದು, ಇವೆಲ್ಲ ಅನುಭವವೇ. ಸಾವಿರಾರು ಜನರ ನಡುವೆ ದನಿ ಏರಿಸದೆ ಕೆಲಸ ಮಾಡಬಲ್ಲವರನ್ನೇ ಅವರು ಹುಡುಕುತ್ತಿರುವುದು. ಎಷ್ಟು ಜನ, ನಿಮ್ಮ ಜವಾಬ್ದಾರಿ ಏನು, ತೊಡಕು ಬಂದಾಗ ಏನು ಮಾಡಿದಿರಿ ಎಂದು ಮೂರು ವಾಕ್ಯ ಬರೆದರೆ ‘ನನಗೆ ಸೇವಾ ಮನೋಭಾವವಿದೆ’ ಎಂಬ ಒಂದು ಪುಟಕ್ಕಿಂತ ಮೇಲು. ಅರ್ಜಿಯ ನಂತರ ಆನ್‌ಲೈನ್ ಸಂದರ್ಶನವೂ ಇರುತ್ತದೆ. ಬರೆದದ್ದನ್ನೇ ಅಲ್ಲಿ ಇಂಗ್ಲಿಷಿನಲ್ಲಿ ಹೇಳಲು ಬರಬೇಕು.

ಚಳಿಯ ಬಗ್ಗೆ ನಮ್ಮವರಿಗೆ ಇರುವ ಕಲ್ಪನೆ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಡಿಸೆಂಬರ್ ಬೆಳಗಿನದು. ಅದು ಸಾಲದು. ಹತ್ತಿಯ ಗಿರಣಿಗಳಿಂದಲೇ ಹೆಸರಾದ ದಾವಣಗೆರೆಯಲ್ಲಿ ಕುಳಿತು ಹೀಗೆ ಹೇಳುವುದು ಕಷ್ಟ, ಆದರೆ ಮೈಗೆ ತಾಗುವ ಮೊದಲ ಪದರವಾಗಿ ಹತ್ತಿ ಬಟ್ಟೆ ಬೇಡವೇ ಬೇಡ. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಡೆಯುವುದು ನಿಂತ ಕೂಡಲೇ ಆ ತೇವ ಮೈಯನ್ನು ಕೊರೆಯುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್ ಎಂಬ ಮೃದುವಾದ ಬೆಚ್ಚನೆಯ ಬಟ್ಟೆ, ಹೊರಗೆ ಅವರು ಕೊಡುವ ಜಾಕೆಟ್. ಸ್ವಯಂಸೇವಕರನ್ನು ಕಾಡುವುದು ಓಡಾಟವಲ್ಲ, ಒಂದೇ ಜಾಗದಲ್ಲಿ ತಾಸುಗಟ್ಟಲೆ ನಿಲ್ಲುವುದು. ಮೊದಲು ಮರಗಟ್ಟುವುದು ಕಾಲ್ಬೆರಳು. ಎರಡು ಜೊತೆ ಕಾಲುಚೀಲ ತುರುಕಿದರೆ ಬೂಟು ಬಿಗಿಯಾಗಿ ರಕ್ತಸಂಚಾರ ಕಡಿಮೆಯಾಗುತ್ತದೆ, ದಪ್ಪನೆಯ ಉಣ್ಣೆಯ ಒಂದೇ ಜೊತೆ ಸಾಕು. ಮೊಬೈಲ್ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಹಿಮದಿಂದ ಪ್ರತಿಫಲಿಸುವ ಬಿಸಿಲು ಮುಖ ಸುಡುತ್ತದೆ, ಕಣ್ಣಿಗೂ ತೊಂದರೆ. ತಂಪು ಕನ್ನಡಕ ಅಲ್ಲಿ ಶೋಕಿಯಲ್ಲ. ಲೇಹ್‌ಗೆ ಹೋಗುವುದಾದರೆ ಅದು ಸುಮಾರು 3,500 ಮೀಟರ್ ಎತ್ತರದಲ್ಲಿದೆ, ವಿಮಾನದಿಂದ ಇಳಿದ ಮೊದಲ ಎರಡು ದಿನ ಏನೂ ಮಾಡದೆ ವಿಶ್ರಾಂತಿ ಪಡೆಯಲೇಬೇಕು.

ಈಗಲೇ ಮಾಡಿಡಬಹುದಾದ ಕೆಲಸ ಪಾಸ್‌ಪೋರ್ಟ್. ಸಾಮಾನ್ಯ 36 ಪುಟದ್ದಕ್ಕೆ 1,500 ರೂಪಾಯಿ ಶುಲ್ಕ, ಅರ್ಜಿ ಆನ್‌ಲೈನ್‌ನಲ್ಲಿ; ದಾವಣಗೆರೆಯ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ದಾಖಲೆ ತೋರಿಸಬಹುದು. ಅದಕ್ಕೆ ಮೊದಲು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ಇನಿಷಿಯಲ್ ಮಾತ್ರ, ಇನ್ನೊಂದರಲ್ಲಿ ತಂದೆಯ ಪೂರ್ಣ ಹೆಸರು, ಹೀಗೆ ಇರುವುದು ನಮ್ಮ ಕಡೆ ಸಾಮಾನ್ಯ. ಅದನ್ನು ಮೊದಲು ಸರಿಪಡಿಸಿಕೊಂಡೇ ಅರ್ಜಿ ಹಾಕಿ, ಏಕೆಂದರೆ ಮುಂದೆ ವೀಸಾ, ವಿಮಾನದ ಟಿಕೆಟ್, ಕ್ರೀಡಾಕೂಟದ ಗುರುತಿನ ಚೀಟಿ ಎಲ್ಲದರ ಮೇಲೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಬರುತ್ತದೆ.