ಸವಣೂರಿನ ದೊಡ್ಡ ಹುಣಸೆಗೆ ವಯಸ್ಸೆಷ್ಟು?

ಸವಣೂರಿಗೆ ಬಂದವರು ಖಾರ, ವೀಳ್ಯದೆಲೆ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ನವಾಬರ ಕೋಟೆ, ಕಂದಕಗಳ ಊರು ಇದು; 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಫ್ರೆಂಚರ ಸೇನಾನಿ ಬುಸ್ಸಿಯನ್ನೂ ಕರೆಸಿಕೊಂಡು ಮುತ್ತಿಗೆ ಹಾಕಿದ್ದು ಇದಕ್ಕೇ. ಆದರೆ ನನ್ನನ್ನು ಮತ್ತೆ ಮತ್ತೆ ಎಳೆಯುವುದು ದೊಡ್ಡಹುಣಸೆ ಕಲ್ಮಠದ ಮರಗಳು.

ಅವುಗಳೆದುರು ನಿಂತವರೆಲ್ಲ ವಯಸ್ಸಿನ ಮಾತೆತ್ತುತ್ತಾರೆ. ಎರಡು ಸಾವಿರ ವರ್ಷ ಎನ್ನುವವರಿದ್ದಾರೆ, ಶ್ರೀಕೃಷ್ಣನೇ ತಂದು ನೆಟ್ಟದ್ದು ಎನ್ನುವವರೂ ಇದ್ದಾರೆ. ಇದಕ್ಕೆಲ್ಲ ಆಧಾರ ಕಾಂಡದ ದಪ್ಪ. ನನಗೆ ತಾಳ್ಮೆ ತಪ್ಪುವುದು ಇಲ್ಲಿಯೇ.

ಇದು ಆಫ್ರಿಕಾದ ಬಾವೊಬಾಬ್. ತೇಗದ ಕಟ್ಟಿಗೆಯಂತೆ ಇದರದು ಗಟ್ಟಿಯಲ್ಲ. ಹಸಿ ಕಟ್ಟಿಗೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ತೆಳು ಗೋಡೆಯ ಜೀವಕೋಶಗಳು ನೀರು ಕುಡಿದು ಉಬ್ಬುತ್ತವೆ, ಒಂದನ್ನೊಂದು ಒತ್ತುತ್ತವೆ, ಆ ಒತ್ತಡವೂ ಮರವನ್ನು ನೆಟ್ಟಗೆ ನಿಲ್ಲಿಸುತ್ತದೆ. ತುಂಬಿದ ಜೋಳದ ಚೀಲ ಗೋಡೆಗೆ ಒರಗದೆ ನಿಲ್ಲುತ್ತದೆ, ಖಾಲಿಯಾದರೆ ಮಡಚಿ ಬೀಳುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬಿನ ಬಿಗಿಯೂ ಇಂಥದೇ. ಸತ್ತ ಬಾವೊಬಾಬ್ ನಾರಿನ ರಾಶಿಯಾಗಿ ಕುಸಿಯುವುದೂ ಇದರಿಂದಲೇ. ಬರದಲ್ಲಿ ಕಾಂಡ ತುಸು ಕುಗ್ಗುತ್ತದೆ, ಮಳೆ ಬಿದ್ದರೆ ಹಿಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಮರಕ್ಕೆ ಟೇಪು ಸುತ್ತಿ ಶತಮಾನಗಳನ್ನು ಎಣಿಸುವುದು ಹೇಗೆ?

ಇನ್ನೊಂದು ತೊಡಕಿದೆ. ಒಂದೇ ಬೇರಿನಿಂದ ಹಲವು ಕಾಂಡಗಳೆದ್ದು, ಬೆಳೆಯುತ್ತ ಬೆಸೆದುಕೊಂಡು, ಒಂದೇ ಮಹಾಕಾಂಡದಂತೆ ಕಾಣುವುದುಂಟು. ಕೆಲವು ಮರಗಳ ನಡುವಿನ ಪೊಟರೆ ಕೊಳೆತು ಆದದ್ದಲ್ಲ. ಕಾಂಡಗಳು ಸುತ್ತುಗಟ್ಟಿದಾಗ ಒಳಗೆ ಉಳಿದ ಜಾಗ. ವಯಸ್ಸು ತಿಳಿಯಲು ಎಣಿಸುವ ಕಟ್ಟಿಗೆಯ ಉಂಗುರಗಳೂ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಹಾಗಾಗಿ ವಿಜ್ಞಾನಿಗಳು, ಕಾಲ ಕಳೆದಂತೆ ಗೊತ್ತಾದ ವೇಗದಲ್ಲಿ ಕಡಿಮೆಯಾಗುವ ಇಂಗಾಲ-14ರ ಮೊರೆ ಹೋಗುತ್ತಾರೆ. ಆ ವಿಧಾನದಲ್ಲಿ ಜಿಂಬಾಬ್ವೆಯ ಒಂದು ಮರಕ್ಕೆ ಸುಮಾರು 2,450 ವರ್ಷ ಎಂದು ಗೊತ್ತಾಗಿದೆ. ಅಂಥ ಆಯುಷ್ಯ ಈ ಜಾತಿಗೆ ಸಾಧ್ಯ, ನಿಜ. ಆದರೆ ದಪ್ಪಗಿರುವ ಪ್ರತಿ ಮರಕ್ಕೂ ಅದನ್ನು ದಾನ ಮಾಡುವಂತಿಲ್ಲ.

ಹೆಸರಿನ ಕಥೆ ಇನ್ನೂ ಸೊಗಸು. ಕಾಯಿ ಒಡೆದರೆ ಒಣಗಿದ ಬಿಳಿ ತಿರುಳು, ನಾಲಿಗೆಗೆ ಹುಳಿ. ಅದಕ್ಕೇ ನಮ್ಮವರು ದೊಡ್ಡ ಹುಣಸೆ ಎಂದರು. ಸಾರಿಗೆ ಹಾಕುವ ನಮ್ಮ ಹುಣಸೆಯ ತವರೂ ಆಫ್ರಿಕಾವೇ! ‘ಹಿಂದ್‌ನ ಖರ್ಜೂರ’ ಎಂದು ಅದಕ್ಕೆ ಹೆಸರಿಟ್ಟವರು ಅರಬರು.

2023ರ ಮಳೆಗಾಲದಲ್ಲಿ ಕಲ್ಮಠದ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ಜನ ಕೈಬಿಡಲಿಲ್ಲ, ಎತ್ತಿ ಮತ್ತೆ ನೆಟ್ಟರು. ಬೇರು ಕಿತ್ತ ಮರ ಹೊಸ ಬೇರು ಬಿಡುವತನಕ ಬದುಕಬೇಕಾದದ್ದು ಕಾಂಡದೊಳಗೆ ಕೂಡಿಟ್ಟ ಆ ನೀರಿನಿಂದಲೇ.