ಪ್ಯಾಡಿನ ಬೆನ್ನ ಮೇಲಿನ ಪುಟ್ಟ ವೃತ್ತ

ಯುರೋಪಿಗೆ ಹೋಗುವ ಬೈಕ್ ಬ್ರೇಕ್ ಪ್ಯಾಡ್ ಒಂದನ್ನು ತಿರುಗಿಸಿ ನೋಡಿ. ಹಿಂದಿನ ಉಕ್ಕಿನ ತಗಡಿನ ಮೇಲೆ ಪುಟ್ಟ ವೃತ್ತ, ಅದರೊಳಗೆ ಇಂಗ್ಲಿಷಿನ ‘ಇ’ ಅಕ್ಷರ, ಪಕ್ಕದಲ್ಲೊಂದು ಅಂಕಿ ಇರುತ್ತದೆ. 1 ಅಂದರೆ ಜರ್ಮನಿ, 4 ಅಂದರೆ ನೆದರ್ಲೆಂಡ್ಸ್. ಹಾಗಂತ ಪ್ಯಾಡ್ ಅಲ್ಲೇ ತಯಾರಾಯಿತು ಅಂತಲ್ಲ. ಅದಕ್ಕೆ ಒಪ್ಪಿಗೆ ಕೊಟ್ಟ ದೇಶ ಅದು, ಅಷ್ಟೇ. ಪೀಣ್ಯದ ಶೆಡ್ಡಿನಲ್ಲಿ ಮಾಡಿದ ಮಾಲಿನ ಮೇಲೂ ಆ 4 ಇರಬಹುದು.

ಇದರ ಮೂಲ ವಾಹನ ಮತ್ತು ಬಿಡಿಭಾಗಗಳ ಬಗ್ಗೆ ದೇಶಗಳು ಮಾಡಿಕೊಂಡ 1958ರ ಜಿನೀವಾ ಒಪ್ಪಂದ. ಒಂದು ದೇಶ ಪರೀಕ್ಷೆ ಮಾಡಿಸಿ ಒಪ್ಪಿದ್ದನ್ನು, ಅದೇ ನಿಯಮ ಪಾಲಿಸುವ ಉಳಿದ ದೇಶಗಳೂ ಒಪ್ಪಬೇಕು. ಭಾರತ ಈ ಒಪ್ಪಂದದಲ್ಲಿಲ್ಲ, ಹಾಗಾಗಿ ನಮಗೊಂದು ಅಂಕಿಯೂ ಇಲ್ಲ. ನಮ್ಮ ತಯಾರಕರು ಅಂಕಿ ಇರುವ ದೇಶದ ಬಾಗಿಲನ್ನೇ ತಟ್ಟಬೇಕು.

ಬದಲಿ ಬ್ರೇಕ್ ಪ್ಯಾಡಿಗೆ ಇರುವುದು ಈ ಒಪ್ಪಂದದಡಿಯ 90ನೇ ನಿಯಮ. ಮೊದಲು, ಉಜ್ಜುವ ಪದರ ತಗಡಿನಿಂದ ಕಿತ್ತು ಬರುತ್ತದಾ ಅಂತ ಅಡ್ಡಕ್ಕೆ ಒತ್ತಿ ನೋಡುತ್ತಾರೆ. ಪ್ರತಿ ಚದರ ಸೆಂಟಿಮೀಟರಿಗೆ ಕನಿಷ್ಠ 250 ನ್ಯೂಟನ್ ತಡೆಯಬೇಕು. 15 ಚದರ ಸೆಂಟಿಮೀಟರಿನ ಪ್ಯಾಡಾದರೆ ಸುಮಾರು 380 ಕೆಜಿ ಭಾರ. ಹತ್ತಿರ ಹತ್ತಿರ ಎರಡು ಬುಲೆಟ್ ಬೈಕಿನ ತೂಕ!

ನನಗೆ ಇಷ್ಟವಾದ ಪರೀಕ್ಷೆ ಇನ್ನೊಂದು. ಹೊಸ ಪ್ಯಾಡನ್ನು ಬೈಕಿನ ಮೂಲ ಪ್ಯಾಡಿನ ಜೊತೆ ಹೋಲಿಸುತ್ತಾರೆ. ಲಿವರನ್ನು ಅಷ್ಟೇ ಬಲದಲ್ಲಿ ಒತ್ತಿದರೆ ಬೈಕು ಹೆಚ್ಚುಕಮ್ಮಿ ಅಷ್ಟೇ ನಿಧಾನವಾಗಬೇಕು, ವ್ಯತ್ಯಾಸ ಶೇ. 15ರ ಒಳಗಿರಬೇಕು. ಕಡಿಮೆ ಹಿಡಿದರೆ ಫೇಲು ಸರಿ, ಜಾಸ್ತಿ ಹಿಡಿದರೂ ಫೇಲು! ‘ಚೆನ್ನಾಗಿ ಹಿಡಿದರೆ ಒಳ್ಳೇದೇ ಅಲ್ವಾ’ ಅನ್ನಿಸಬಹುದು. ಆದರೆ ಸವಾರನ ಬೆರಳಿಗೆ ಒಂದು ಅಂದಾಜು ರೂಢಿಯಾಗಿರುತ್ತದೆ. ಮಳೆಯಲ್ಲಿ ಅದೇ ಅಂದಾಜಿನಲ್ಲಿ ಒತ್ತಿದಾಗ ಮುಂದಿನ ಚಕ್ರ ಲಾಕ್ ಆಗಿಬಿಟ್ಟರೆ ಮೈಕೈ ಮುರಿದಂತೆಯೇ.

ಅಂದಹಾಗೆ, ಇದು ಯುರೋಪಿನಲ್ಲಿ ಮಾರುವ ಹಲವು ಸಾಮಾನುಗಳ ಮೇಲೆ ಕಾಣುವ ‘ಸಿಇ’ ಅನ್ನುವ ಗುರುತಲ್ಲ. ಸಿಇ ಸವಾರರ ಜಾಕೆಟ್ಟು, ಗ್ಲೌಸಿಗೆ. ಹೆಲ್ಮೆಟ್ಟಿಗೂ ಬೇಕಾದದ್ದು ವೃತ್ತದೊಳಗಿನ ‘ಇ’ಯೇ, 22ನೇ ನಿಯಮದ್ದು. ಹೆಲ್ಮೆಟ್ ಮೇಲೆ ಬರೀ ಸಿಇ ಕಂಡರೆ ನಾನಂತೂ ಕೊಳ್ಳುವುದಿಲ್ಲ.

ಪರೀಕ್ಷೆ ಪಾಸಾದರೆ ಕೆಲಸ ಮುಗಿಯಿತೇ? ನಿಜವಾದ ಕಷ್ಟ ಆಮೇಲಿನದು. ಲ್ಯಾಬಿಗೆ ಕಳಿಸುವ ನಾಲ್ಕು ಪ್ಯಾಡನ್ನು ಯಾರು ಬೇಕಾದರೂ ಮುತುವರ್ಜಿಯಿಂದ ಮಾಡಿಯಾರು. ಲಕ್ಷದನೆಯದೂ ಹಾಗೇ ಇರಬೇಕಲ್ಲ! ಅದಕ್ಕೇ ಕಾರ್ಖಾನೆಯ ತಪಾಸಣೆ ಆಗುತ್ತದೆ, ತಯಾರಾದ ಮಾಲಿನಿಂದಲೂ ಮಾದರಿ ತೆಗೆದು ಪರೀಕ್ಷಿಸುತ್ತಿರಬೇಕು. ನಾಲ್ಕು ಕಾಸು ಉಳಿಸೋಣ ಅಂತ ಪದರದ ಮಿಶ್ರಣಕ್ಕೆ ಹಾಕುವ ರೆಸಿನ್ ಅನ್ನುವ ಅಂಟು ಬದಲಿಸಿದರೋ, ಹಳೇ ಒಪ್ಪಿಗೆ ಹೊಸ ಮಿಶ್ರಣಕ್ಕೆ ನಡೆಯುವುದಿಲ್ಲ. ಸುಮ್ನೆ ಅದೇ ಗುರುತು ಒತ್ತಿ ಕಳಿಸಿ ಸಿಕ್ಕಿಬಿದ್ದರೆ, ಗುರುತು ಕೊಟ್ಟವರೇ ಅದನ್ನು ವಾಪಸ್ ಪಡೆಯಬಹುದು.