ಮೊದಲ ಸುತ್ತಿನಲ್ಲಿ ಮುಂದಿದ್ದ ಸೀವರ್ಡ್ ಸೋತದ್ದೇಕೆ?

ಪ್ರಶ್ನೆ: 1860ರ ಶಿಕಾಗೊ ಸಮಾವೇಶದಲ್ಲಿ ವಿಲಿಯಂ ಸೀವರ್ಡ್ ಅವರೇ ಮುಂದಿದ್ದರಂತೆ. ಲಿಂಕನ್ ಕಡೆಯವರು ನಕಲಿ ಟಿಕೆಟ್ ಹಂಚಿ, ಸಭಾಂಗಣ ತುಂಬಿಸಿ, ಕೂಗಾಡಿಸಿ ಉಮೇದುವಾರಿಕೆ ಕಸಿದುಕೊಂಡರು ಎನ್ನುವುದು ನಿಜವೇ?

ಉತ್ತರ: ಅಮೆರಿಕದ ಹಳೆಯ ಸಮಾವೇಶಗಳ ಬಗ್ಗೆ ಏನೇ ಬರೆದರೂ ಕೊನೆಗೆ ಈ ಪ್ರಶ್ನೆಯೊಂದು ಬಂದೇ ಬರುತ್ತದೆ, ನಕಲಿ ಟಿಕೆಟ್‌ನ ಕಥೆಯನ್ನೂ ಕಟ್ಟಿಕೊಂಡೇ ಬರುತ್ತದೆ. ಈ ಬಾರಿ ವಿವರವಾಗಿ ಉತ್ತರಿಸುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಬಹುದು.

ಮೊದಲು ಲೆಕ್ಕ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನು ಆರಿಸಲು ಕರೆದಿದ್ದ ರಿಪಬ್ಲಿಕನ್ ಪಕ್ಷದ ಆ ಸಮಾವೇಶ ಮೇ 16ರಿಂದ 18ರವರೆಗೆ, ಅದಕ್ಕೆಂದೇ ಮರದಲ್ಲಿ ಕಟ್ಟಿದ ‘ವಿಗ್ವಾಮ್’ ಎಂಬ ಸಭಾಭವನದಲ್ಲಿ ನಡೆಯಿತು. ಗೆಲುವಿಗೆ ಬೇಕಿದ್ದುದು 233 ಮತ. ಮೊದಲ ಸುತ್ತಿನಲ್ಲಿ ನ್ಯೂಯಾರ್ಕಿನ ಸೆನೆಟರ್ ಸೀವರ್ಡ್ ಅವರಿಗೆ 173½, ಲಿಂಕನ್ ಅವರಿಗೆ 102 ಮತ ಬಂದವು. ಪೆನ್ಸಿಲ್ವೇನಿಯದ ಸೈಮನ್ ಕ್ಯಾಮರಾನ್, ಓಹಾಯೊದ ಸಾಮನ್ ಚೇಸ್, ಮಿಸೌರಿಯ ಎಡ್ವರ್ಡ್ ಬೇಟ್ಸ್ ತಲಾ ಐವತ್ತರ ಆಸುಪಾಸಿನಲ್ಲಿದ್ದರು. ಎರಡನೆಯ ಸುತ್ತಿನಲ್ಲಿ ಸೀವರ್ಡ್ 184½, ಲಿಂಕನ್ 181. ಮೂರನೆಯ ಸುತ್ತು ಮುಗಿದಾಗ ಲಿಂಕನ್ 231½ಕ್ಕೆ ಬಂದು ನಿಂತಿದ್ದರು, ಅಂದರೆ ಬಹುಮತಕ್ಕೆ ಒಂದೂವರೆ ಮತ ಕಡಿಮೆ. ಕಾಗದದ ಮೇಲೆ ಕೂಡಿಕೊಳ್ಳುತ್ತ ಕುಳಿತವರಿಗೆಲ್ಲ ಇದು ಗೊತ್ತಾಗಿ ಸಭೆ ಸ್ತಬ್ಧವಾಯಿತು. ಆಗ ಓಹಾಯೊದ ಡೇವಿಡ್ ಕಾರ್ಟರ್ ಎದ್ದು, ತಮಗಿದ್ದ ಉಗ್ಗಿನಲ್ಲೇ, ತಮ್ಮ ರಾಜ್ಯದ ನಾಲ್ಕು ಮತಗಳು ಲಿಂಕನ್ ಕಡೆಗೆ ಬದಲಾಗಿವೆ ಎಂದು ಘೋಷಿಸಿದರು. ಚಾವಣಿಯ ಮೇಲೆ ಸಿದ್ಧವಾಗಿದ್ದ ಫಿರಂಗಿ ಗುಡುಗಿತು.

ಇನ್ನು ಕೂಗಾಟದ ವಿಷಯ. ಮೇ 18ರ ಬೆಳಿಗ್ಗೆ ಸೀವರ್ಡ್ ಬೆಂಬಲಿಗರು ಬ್ಯಾಂಡ್ ಬಾರಿಸಿಕೊಂಡು ಮೆರವಣಿಗೆ ಹೊರಟಿದ್ದಾಗ ಲಿಂಕನ್ ಅವರ ರಾಜ್ಯ ಇಲಿನಾಯ್‌ನವರು ಒಳಹೊಕ್ಕು ಜಾಗ ಹಿಡಿದಿದ್ದರು. ಲಿಂಕನ್ ಹೆಸರು ಸೂಚಿಸಿದಾಗ ಎದ್ದ ಗದ್ದಲ ಕಿವಿಗಡಚಿಕ್ಕುವಂತಿತ್ತು. ಇಷ್ಟನ್ನು ಅಲ್ಲಗಳೆಯುವವರಿಲ್ಲ. ಟಿಕೆಟ್ ನಕಲು ಮಾಡಿಸಿದ್ದರೆನ್ನುವ ಮಾತನ್ನೂ ವಾದಕ್ಕಾಗಿ ಒಪ್ಪಿಬಿಡೋಣ. ಆದರೆ ಟಿಕೆಟ್ ಹಿಡಿದು ಬಂದವರಿಗೆ ಮತವೇ ಇರಲಿಲ್ಲ. ಮತವಿದ್ದದ್ದು ವೇದಿಕೆಯ ಮೇಲೆ ರಾಜ್ಯವಾರು ಕುಳಿತಿದ್ದ ಪ್ರತಿನಿಧಿಗಳಿಗೆ. ಅದಕ್ಕಿಂತ ಮುಖ್ಯವಾಗಿ, ಆ ಗದ್ದಲ ಎದ್ದದ್ದು ಮೊದಲ ಸುತ್ತಿನ ಮತದಾನಕ್ಕೆ ಮುಂಚೆ. ಕೂಗಿಗೆ ಪ್ರತಿನಿಧಿಗಳ ಮನಸ್ಸು ತಿರುಗಿಸುವ ಶಕ್ತಿ ಇದ್ದಿದ್ದರೆ ಅದು ಆ ಸುತ್ತಿನಲ್ಲೇ ಕಾಣಬೇಕಿತ್ತು. ಕಂಡದ್ದೇನು? ಸೀವರ್ಡ್ 71½ ಮತ ಮುಂದೆ. ಕಥೆ ಹೇಳುವವರು ಈ ಒಂದು ಅಂಕಿಯನ್ನು ಯಾವಾಗಲೂ ಬಿಟ್ಟೇ ಹೇಳುತ್ತಾರೆ.

ನಿಜವಾದ ತಿರುವು ಇರುವುದು ಎರಡನೆಯ ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಲಿಂಕನ್ ಅವರಿಗೆ ಬರೀ 4 ಮತ ಕೊಟ್ಟಿದ್ದ ಪೆನ್ಸಿಲ್ವೇನಿಯ ಈಗ 48 ಕೊಟ್ಟಿತು. ಇದು ಆ ಕ್ಷಣದ ಆವೇಶವಲ್ಲ. 1856ರ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಜಾನ್ ಫ್ರೀಮಾಂಟ್ 114 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೂ ಇಷ್ಟೆಂದು ಹಂಚಿರುವ ಮತ) ಪಡೆದು ಸೋತಿದ್ದರು, ಬೇಕಿದ್ದುದು 149. ಉತ್ತರದಲ್ಲಿ ಕೈತಪ್ಪಿದ್ದ ರಾಜ್ಯಗಳ ಪೈಕಿ ಪೆನ್ಸಿಲ್ವೇನಿಯದ 27ರ ಜೊತೆ ಇಲಿನಾಯ್‌ನ 11 ಸೇರಿದರೆ ಸಾಕು, 152 ಆಗುತ್ತದೆ. ಹಾಗಾಗಿ ಪೆನ್ಸಿಲ್ವೇನಿಯ, ಇಂಡಿಯಾನ, ಇಲಿನಾಯ್, ನ್ಯೂಜೆರ್ಸಿಗಳಲ್ಲಿ ಗೆಲ್ಲಬಲ್ಲವರು ಯಾರು ಎಂಬುದೊಂದೇ ಶಿಕಾಗೊದಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ಆ ಅಕ್ಟೋಬರಿನಲ್ಲಿ ಗವರ್ನರ್ ಹುದ್ದೆಗೆ ಸ್ಪರ್ಧಿಸಲಿದ್ದ ಪೆನ್ಸಿಲ್ವೇನಿಯದ ಆಂಡ್ರೂ ಕರ್ಟಿನ್ ಮತ್ತು ಇಂಡಿಯಾನದ ಹೆನ್ರಿ ಲೇನ್, ಸೀವರ್ಡ್ ಹೆಸರಿನಡಿ ನಿಂತರೆ ತಾವೂ ಮುಳುಗುತ್ತೇವೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಗುಲಾಮಗಿರಿಯ ವಿಷಯದಲ್ಲಿ ತೀವ್ರವಾದಿ ಎಂಬ ಹೆಸರು ಸೀವರ್ಡ್‌ಗಿತ್ತು; ನ್ಯೂಯಾರ್ಕಿನ ಗವರ್ನರ್ ಆಗಿದ್ದಾಗ ಕ್ಯಾಥೊಲಿಕ್ ಶಾಲೆಗಳ ಪರ ನಿಂತದ್ದನ್ನು ವಲಸೆ ವಿರೋಧಿ ಮತದಾರರು ಮರೆತಿರಲಿಲ್ಲ. ಮತದಾನದ ಹಿಂದಿನ ರಾತ್ರಿ ಈ ನಾಲ್ಕು ರಾಜ್ಯಗಳ ಪ್ರತಿನಿಧಿಗಳ ಸಮಿತಿಯೊಂದು ಸಭೆ ಸೇರಿ ಲಿಂಕನ್ ಕಡೆಗೆ ವಾಲಿತ್ತು. ಆಗ ವಿಗ್ವಾಮ್‌ನಲ್ಲಿ ಕೂಗುವವರಾರೂ ಇರಲಿಲ್ಲ.

ಆಕಸ್ಮಿಕದ ರುಚಿ ಬೇಕೇ ಬೇಕೆನ್ನುವವರಿಗೆ ಟಿಕೆಟ್‌ಗಿಂತ ಒಳ್ಳೆಯ ಘಟನೆ ಇದೆ. 17ರ ಸಂಜೆಯೇ ಮತದಾನ ಮುಗಿಸಲು ಸೀವರ್ಡ್ ಪಾಳೆಯ ಸಿದ್ಧವಿತ್ತು. ಆದರೆ ಮತ ಬರೆದುಕೊಳ್ಳುವ ಹಾಳೆಗಳು ಇನ್ನೂ ತಯಾರಾಗಿಲ್ಲವೆಂದು ಅಧ್ಯಕ್ಷಪೀಠ ತಿಳಿಸಿತು, ಸಭೆ ಬೆಳಿಗ್ಗೆಗೆ ಮುಂದೂಡಲ್ಪಟ್ಟಿತು. ಮೇಲೆ ಹೇಳಿದ ಮಾತುಕತೆಗಳು ಕುದುರಿದ್ದು ಆ ರಾತ್ರಿಯಲ್ಲೇ. ಲಿಂಕನ್ ಪರ ಓಡಾಡುತ್ತಿದ್ದ ಡೇವಿಡ್ ಡೇವಿಸ್ ಪದವಿಯ ಭರವಸೆ ಕೊಟ್ಟರೇ ಎಂಬುದು ಬೇರೆಯೇ ಚರ್ಚೆ. ತನ್ನನ್ನು ಕಟ್ಟಿಹಾಕುವ ಒಪ್ಪಂದ ಬೇಡವೆಂದು ಲಿಂಕನ್ ತಮ್ಮೂರು ಸ್ಪ್ರಿಂಗ್‌ಫೀಲ್ಡ್‌ನಿಂದ ಬರೆದು ಕಳುಹಿಸಿದ್ದರು, ಮುಂದೆ ಕ್ಯಾಮರಾನ್ ಲಿಂಕನ್ ಸಂಪುಟದಲ್ಲಿ ಯುದ್ಧ ಕಾರ್ಯದರ್ಶಿಯಾದದ್ದೂ ಅಷ್ಟೇ ನಿಜ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ: ಬಹುಮತ ಎಂದರೆ ಎಷ್ಟು? ಶಿಕಾಗೊದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸಾಕಿತ್ತು. ಡೆಮಾಕ್ರಟಿಕ್ ಪಕ್ಷದಲ್ಲಿ ಮೂರನೇ ಎರಡರಷ್ಟು ಬೇಕಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಸೇರಿದ ಆ ಪಕ್ಷದಿಂದ ದಕ್ಷಿಣದ ಹಲವು ಪ್ರತಿನಿಧಿಗಳು ಎದ್ದು ಹೋದರು. ಆದರೂ ಒಟ್ಟು 303 ಮತಗಳ ಮೇಲೆಯೇ ಲೆಕ್ಕ ಹಾಕಬೇಕೆಂದು ಸಮಾವೇಶದ ಅಧ್ಯಕ್ಷ ಕೇಲಬ್ ಕುಶಿಂಗ್ ತೀರ್ಪು ಕೊಟ್ಟರು. ಅಂದರೆ 202 ಮತ. ಸ್ಟೀಫನ್ ಡಗ್ಲಸ್ ಐವತ್ತೇಳು ಸುತ್ತು ಮುಂದಿದ್ದರು, 152½ ದಾಟಲಿಲ್ಲ. ಪಕ್ಷ ಒಡೆದು ಇಬ್ಬರು ಅಭ್ಯರ್ಥಿಗಳನ್ನು ನಿಲ್ಲಿಸಿತು. ಮುಂದಿದ್ದೂ ಸೋತವರ ಬಗ್ಗೆ ಮರುಗುವುದೇ ಆದರೆ, ಒಮ್ಮೆಯೂ ಅರ್ಧ ಮುಟ್ಟದ ಸೀವರ್ಡ್‌ಗಿಂತ 1912ರ ಡೆಮಾಕ್ರಟಿಕ್ ಪಕ್ಷದ ಬಾಲ್ಟಿಮೋರ್ ಸಮಾವೇಶದ ಚಾಂಪ್ ಕ್ಲಾರ್ಕ್ ಹೆಚ್ಚು ಅರ್ಹರು. ಅವರು ಹತ್ತನೆಯ ಸುತ್ತಿನಲ್ಲೇ ಅರ್ಧ ದಾಟಿದ್ದರು, ಮೂರನೇ ಎರಡರಷ್ಟು ಮಾತ್ರ ಸಿಗಲಿಲ್ಲ. ನಲವತ್ತಾರನೆಯ ಸುತ್ತಿನಲ್ಲಿ ವುಡ್ರೊ ವಿಲ್ಸನ್ ಅಭ್ಯರ್ಥಿಯಾದರು. ಡೆಮಾಕ್ರಟಿಕ್ ಪಕ್ಷ ಈ ಮೂರನೇ ಎರಡರ ನಿಯಮವನ್ನು ಕೈಬಿಟ್ಟದ್ದು 1936ರಲ್ಲಿ.